ಹಾಲಿಗೆ ವಿಷ ಹಾಕಿದ ಕಂಡಕ್ಟರು

ಕಂಡಕ್ಟರ್ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಯಿತು. ಬೈಸಿಕೊಳ್ಳದ ದಿನ ಅಂತ ಒಂದೂ ಇಲ್ಲ. ಬಸ್ಸು ತಡವಾದರೆ ಬೈಗುಳ ನನಗೆ, ಬೇಗ ಬಂದರೆ ಬೈಗುಳ ನನಗೆ. ಕಾಲುವೆಗೆ ನೀರು ಬಿಡದಿದ್ದರೂ ಕಿಟಕಿ ಪಕ್ಕ ಕೂತವರು ಬೈಯುವುದು ನನ್ನನ್ನೇ. ಕಣ್ಣೆದುರಿಗೆ ಸಿಗುವ ಖಾಕಿ ಅಂಗಿ ನನ್ನದೊಂದೇ ಅಲ್ಲವೇ! ಇದೆಲ್ಲ ರೂಢಿಯಾಗಿತ್ತು. ಆದರೆ ಹೋದ ವರ್ಷ ನಾನು ಬೈಸಿಕೊಂಡದ್ದು ಒಂದು ಕೊಲೆ ಪ್ರಯತ್ನಕ್ಕೆ. ಅದನ್ನು ನಾನು ಮಾಡಿರಲಿಲ್ಲ, ಮಾಡುವ ಧೈರ್ಯ ಇರಲಿಲ್ಲ, ಯಾರೋ ಮಾಡಿದ್ದನ್ನು ನೋಡಿಯೂ ಇರಲಿಲ್ಲ.

ನನ್ನ ಡ್ಯೂಟಿ ಹೀಗೆ: ಬೆಳಗ್ಗೆ ಸಿಂಧನೂರಿನಿಂದ ತುರ್ವಿಹಾಳಕ್ಕೆ ಒಂದು ಟ್ರಿಪ್ಪು, ಬಂದು ನಾಷ್ಟಾ ಮಾಡಿ ಮಸ್ಕಿ ಮೇಲಿಂದ ಲಿಂಗಸುಗೂರಿಗೆ. ಆ ವರ್ಷ ಒಬ್ಬಳೇ ಮಗಳಿಗೆ ಗಂಡು ನೋಡುತ್ತಿದ್ದೆವು. ಗಂಡು ನೋಡುವ ವರ್ಷದಲ್ಲಿ ಹೆಣ್ಣಿನ ಅಪ್ಪ ಎಷ್ಟು ಹುಷಾರಾಗಿರಬೇಕು ಅಂತ ನಿಮಗೆ ಗೊತ್ತಲ್ಲ. ಚಹಾದಂಗಡಿಯಲ್ಲಿ ಜೋರಾಗಿ ನಗುವುದನ್ನೂ ನಾನು ಬಿಟ್ಟಿದ್ದೆ. ಹೆಸರು ಕೆಡಬಾರದು ಅಂತ ಅಷ್ಟು ಜೋಪಾನ ಮಾಡಿದೆ. ಕೊನೆಗೆ ಕೈಕೊಟ್ಟದ್ದು ಹೆಸರಲ್ಲ, ಮುಖ.

೧. ಯಾವ ಹುಡುಗಿ?

ತುರ್ವಿಹಾಳದಲ್ಲಿ ದಿನಾ ಬಸ್ಸು ಹತ್ತುವ ಒಬ್ಬ ಮುದುಕಿ ಇದ್ದಳು. ಎಂಬತ್ತರ ಹತ್ತಿರದ ವಯಸ್ಸು, ಕಂಚಿನಂಥ ಕಂಠ. ಮೊಣಕಾಲಿಗೆ ಕರೆಂಟ್ ಕೊಡಿಸಿಕೊಳ್ಳಲು ಸಿಂಧನೂರಿನ ಆಸ್ಪತ್ರೆಗೆ ಬರುತ್ತಿದ್ದಳು. ಒಂದು ದಿನ ಹತ್ತಿದವಳೇ ಸೀಟಿನ ಮೇಲೆ ಕೂರದೆ ನನ್ನ ಮುಖವನ್ನೇ ನೋಡುತ್ತ ನಿಂತಳು.

"ಆ ಕೂಸು ನಿನಗೇನು ಮಾಡಿತ್ತಲೇ?"

ನಮ್ಮ ಕಡೆ ಮದುವೆ ವಯಸ್ಸಿನ ಹುಡುಗಿಗೂ ಕೂಸು ಅನ್ನುತ್ತಾರೆ. ಬಸ್ಸಿನಲ್ಲಿ ಹೆಣ್ಣುಮಕ್ಕಳ ದೂರು ಅಂದರೆ ಕಂಡಕ್ಟರನ ಕೆಲಸಕ್ಕೆ ಕೊಡಲಿ ಪೆಟ್ಟು. "ಯಾವ ಹುಡುಗಿ ಯಮ್ಮಾ? ನಾ ಯಾರಿಗೂ ಏನೂ ಅಂದಿಲ್ಲ," ಅಂದೆ.

"ನೋಡ್ರಿ, ನೋಡ್ರಿ! ಹಾಲಿನಾಗ ವಿಷ ಹಾಕಿ ಕುಡಿಸ್ಯಾನ, ಈಗ ಯಾವ ಹುಡುಗಿ ಅಂತಾನ! ನಿನ್ನೆ ಸಂಜಿಕೆ ನಾನು ಕಣ್ಣಾರೆ ನೋಡೀನಿ."

ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿದ. ನಿನ್ನೆ ಸಂಜೆ ನಾನು ಎಲ್ಲಿದ್ದೆ ಅಂತ ನನಗೇ ಅನುಮಾನ ಬಂತು. ಆಮೇಲೆ ಹಿಂದಿನ ಸೀಟಿನ ಹೆಣ್ಣುಮಗಳೊಬ್ಬಳು ಸೆರಗು ಬಾಯಿಗಿಟ್ಟುಕೊಂಡು ಬಿಡಿಸಿ ಹೇಳಿದಳು. ಟಿವಿಯಲ್ಲಿ ಸಂಜೆ ಒಂದು ಸೀರಿಯಲ್ ಬರುತ್ತದಂತೆ. ಅದರಲ್ಲಿ ತಂದೆತಾಯಿ ಇಲ್ಲದ ಒಂದು ಹುಡುಗಿ, ಅವಳ ಆಸ್ತಿಗೆ ಕಣ್ಣು ಹಾಕಿದ ಒಬ್ಬ ಕಾಕಾ. ಆ ಕಾಕಾನ ಮುಖ ಥೇಟ್ ನನ್ನದೇ ಅಂತೆ.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲೇ ಇಲ್ಲ.

"ಹೌದ್ರಿ. ಎರಡು ತಿಂಗಳಾತು."

"ಎರಡು ತಿಂಗಳು! ನನಗ ಒಂದು ಮಾತು ಹೇಳಬಾರದಾ?"

"ಹೇಳಿದ್ರ ನೀವು ಸೀರಿಯಲ್ ನೋಡೋದು ಬಂದ್ ಮಾಡಸ್ತೀರಿ."

ಆ ಸಂಜೆ ನಾನೂ ಕೂತು ನೋಡಿದೆ. ಮೊದಲು ಹಿಂದಿನ ದಿನದ್ದನ್ನೇ ಮತ್ತೆ ತೋರಿಸಿದರು. ಅದೇ ಗುಂಡು ಮುಖ, ಮೂಗಿನ ಪಕ್ಕ ಅದೇ ನರೂಲಿ, ಅದೇ ದಪ್ಪ ಮೀಸೆ. ಹಾಲಿನ ಲೋಟ ಹಿಡಿದು, ಜೇನು ಸುರಿದಂಥ ದನಿಯಲ್ಲಿ, "ಕುಡಿ ಮಗಳೇ, ಎಲ್ಲ ನಿನ್ನ ಒಳ್ಳೆಯದಕ್ಕೇ," ಅನ್ನುತ್ತಿದ್ದ. ಕನ್ನಡಿಯಲ್ಲಿ ಕೂಡ ನಾನು ನನ್ನಂತೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಮನಸ್ಸಿಗೆ ಕಸಿವಿಸಿಯಾಗಿ, ಹೆಂಡತಿಯನ್ನು ಸಮಾಧಾನ ಮಾಡೋಣ ಅಂತ ನಾನೇ ಒಳಗೆ ಹೋಗಿ ಚಹಾ ಮಾಡಿ ತಂದೆ. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಅದೇ ಮೊದಲು. ಅವಳು ಕಪ್ಪು ತೆಗೆದುಕೊಂಡು ಮೂಸಿ ನೋಡಿ ನನ್ನ ಕೈಗೇ ವಾಪಸ್ಸು ಕೊಟ್ಟಳು.

"ಮೊದಲು ನೀವು ಒಂದು ಗುಟುಕು ಕುಡೀರಿ."

೨. ಕಾರಣದ ಕಾಲಮ್ಮು

ಬೈದರೆ ಬೈಯಲಿ, ಕೆಲಸ ನಡೆದರೆ ಸಾಕು ಅಂದುಕೊಂಡಿದ್ದೆ. ಆದರೆ ಆ ಕಾಕಾ ಸುಮ್ಮನೆ ಕೂರುವ ಪೈಕಿ ಅಲ್ಲ. ಮುಂದಿನ ವಾರ ಹುಡುಗಿಯ ಅಜ್ಜಿಯ ಹತ್ತಿರ ಮೋಸದಿಂದ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ಮರುದಿನದಿಂದ ತುರ್ವಿಹಾಳದ ಬಸ್ಸಿನಲ್ಲಿ ಮುದುಕಿಯರು ಆಧಾರ ಕಾರ್ಡು ತೋರಿಸುವುದನ್ನು ನಿಲ್ಲಿಸಿದರು.

ಹೆಣ್ಣುಮಕ್ಕಳಿಗೆ ಟಿಕೆಟು ಪುಕ್ಕಟೆ. ಆದರೆ ಕಾರ್ಡು ನೋಡಿ ಸೊನ್ನೆ ಟಿಕೆಟು ಹರಿದು ಕೊಡಲೇಬೇಕು. ಇಲ್ಲದಿದ್ದರೆ ತಪ್ಪು ನನ್ನದು.

"ಯಮ್ಮಾ, ಕಾರ್ಡು ತೋರಸು," ಅಂದೆ ನಮ್ಮ ಮುದುಕಿಗೆ.

ಅವಳು ಕಾರ್ಡಿದ್ದ ಚೀಲವನ್ನು ಸೀರೆಯೊಳಗೆ ಸಿಕ್ಕಿಸಿಕೊಂಡಳು. "ಯಾಕ? ನನ್ನ ಹೆಸರ್ಲೆ ಎರಡು ಎಕರೆ ನೀರಾವರಿ ಐತಿ ಅಂತ ಯಾರು ಹೇಳಿದ್ರು ನಿನಗ?"

"ಹೊಲ ಯಾರಿಗೆ ಬೇಕಬೇ? ಟಿಕೆಟ್ ಕೊಡತೀನಿ. ಪುಕ್ಕಟೆ ಐತಿ."

"ಪುಕ್ಕಟೆ ಕೊಡಾವನ ಕೈಯಾಗ ಹುಷಾರಿರಬೇಕು. ಅಲ್ಲೂ ನೀ ಹಿಂಗಾ ಅಂದಿದ್ದಿ. ಬರೇ ಒಂದು ಹೆಬ್ಬೆಟ್ಟು ಒತ್ತಮ್ಮ ಅಂತ."

ಅಷ್ಟರಲ್ಲಿ ನನ್ನ ಕೈಯ ಮಿಷನ್ನು ಕಿರ್ ಅಂತ ಇನ್ಯಾರದೋ ಚೀಟಿ ಹೊರಹಾಕಿತು. "ಅಯ್ಯಯ್ಯೋ, ಬರಕೊಂಡ, ಬರಕೊಂಡ!" ಅಂತ ಮುದುಕಿ ಕೂಗಿದಳು. ಅವಳ ಹಿಂದೆ ಕೂತಿದ್ದ ಐದು ಮಂದಿ ಕೂಡ ಕಾರ್ಡು ಮುಚ್ಚಿಟ್ಟುಕೊಂಡರು.

ನನ್ನ ಗ್ರಹಚಾರ, ಅವತ್ತೇ ಚೆಕಿಂಗ್ ಸಾಹೇಬರು ದಾರಿಯಲ್ಲಿ ಕೈಮಾಡಿ ಬಸ್ಸು ಹತ್ತಿದರು. ಆರು ಹೆಣ್ಣುಮಕ್ಕಳು, ಒಂದೂ ಟಿಕೆಟ್ಟಿಲ್ಲ. ಸಾಹೇಬರು ಮೆಮೊ ಪುಸ್ತಕ ತೆಗೆದರು. ಸಸ್ಪೆಂಡಾದ ಕಂಡಕ್ಟರನ ಮಗಳನ್ನು ಯಾರು ಮಾಡಿಕೊಳ್ಳುತ್ತಾರೆ?

"ಯಾಕ ಟಿಕೆಟ್ ಕೊಟ್ಟಿಲ್ಲ?"

"ಅವರು ತೊಗೊಳ್ಳವಲ್ರು ಸಾಹೇಬ್ರ. ನನ್ನ ಮುಖ ಆ ಸೀರಿಯಲ್‌ನಾಗಿನ..."

ಸಾಹೇಬರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ಮೊದಲ ಸಲ ನೆಟ್ಟಗೆ ನೋಡಿದರು. ಪೆನ್ನು ನಿಂತಿತು. ಮುಖ ಮೆತ್ತಗಾಯಿತು. ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಆ ಹೆಬ್ಬೆಟ್ಟಿನ ಕಾಗದ ಎಲ್ಲಿ ಬಚ್ಚಿಟ್ಟಾನ್ರಿ? ನಮ್ಮ ಮನಿಯಾಕಿ ದೇವರ ಜಗಲಿ ಕೆಳಗ ಅಂತಾಳ. ನಾನು ತಿಜೋರಿ ಅಂತೀನಿ."

ನನಗೆ ಗೊತ್ತಿಲ್ಲ ಅಂದೆ. ಅವರು ನಂಬಲಿಲ್ಲ. ಆದರೆ ಮೆಮೊ ಮಾತ್ರ ಎಚ್ಚರಿಕೆಗೆ ಮುಗಿಯಿತು. ಡಿಪೋದಲ್ಲಿ ಅದು ಈಗಲೂ ನನ್ನ ಫೈಲಿನಲ್ಲಿದೆ. "ಟಿಕೆಟ್ ನೀಡದಿರಲು ಕಾರಣ" ಎಂಬ ಕಾಲಮ್ಮಿನಲ್ಲಿ ಸಾಹೇಬರು ದುಂಡಾದ ಅಕ್ಷರದಲ್ಲಿ ಬರೆದಿದ್ದಾರೆ: "ನಿರ್ವಾಹಕರ ಮುಖ."

೩. ಆ ಖುಷಿ ಯಾರದು?

ಲಿಂಗಸುಗೂರು ಬಸ್ಸಿನಲ್ಲಿ ಓದಿದವರು ಹೆಚ್ಚು. ಹಾಗಾಗಿ ಅಲ್ಲಿ ನನ್ನನ್ನು ಬೈಯಲಿಲ್ಲ, ನನ್ನ ಮೇಲೆ ಚರ್ಚೆ ಮಾಡಿದರು. ಅದು ಇನ್ನೂ ಕಷ್ಟ.

ಶುರು ಮಾಡಿದವರು ಮಸ್ಕಿಯ ರಿಟೈರ್ಡ್ ಮಾಸ್ತರರು. ಸಿಂಧನೂರಿನಲ್ಲಿ ಪಿಂಚಣಿ ಕೆಲಸ ಮುಗಿಸಿ ವಾಪಸ್ಸು ಹೊರಟಿದ್ದರು. ನನ್ನ ಪರವಾಗಿ ಎದ್ದು ನಿಂತು, "ಪಾತ್ರ ಬೇರೆ, ನಟ ಬೇರೆ. ಪಾತ್ರದ ಪಾಪ ನಟನಿಗೇ ತಟ್ಟೂದಿಲ್ಲ, ಇನ್ನ ನಟನಂಗ ಕಾಣಾವರಿಗೆ ತಟ್ಟತದೇನು? ತಿಳಿದವರಂಗ ಮಾತಾಡ್ರಿ," ಅಂದರು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಭತ್ತದ ನಾಟಿಗೆ ಹೊರಟಿದ್ದ ಹೆಣ್ಣುಮಗಳೊಬ್ಬಳು ಬಿಡಲಿಲ್ಲ. "ಪಗಾರ ತೊಗೊಂಡು ವಿಷ ಹಾಕಿದ್ರ ಪಾಪ ಇಲ್ಲೇನ್ರಿ ಸರ? ಹಂಗಾದ್ರ ಸುಪಾರಿ ತೊಗೊಂಡವರಿಗೂ ಪಾಪಿಲ್ಲ ಬಿಡ್ರಿ."

"ಅದು ಖರೇ ವಿಷ ಅಲ್ಲವಾ!"

"ಮತ್ತ ಆಕಿ ಬಿದ್ದಳಲ್ಲ?"

"ಬಿದ್ದಂಗ ಮಾಡಿದಳು!"

"ಹಂಗಾದ್ರ ಆಕಿನೂ ಕಳ್ಳಿ ಅನ್ರಿ."

ಅರ್ಧ ಬಸ್ಸು ಮಾಸ್ತರರ ಕಡೆ, ಅರ್ಧ ಬಸ್ಸು ಅವಳ ಕಡೆ. ಇಳಿಯಬೇಕಾದವರು ಇಳಿಯಲಿಲ್ಲ, ಹತ್ತಿದವರು ಟಿಕೆಟು ತೆಗೆಸುವ ಮೊದಲು ಪಕ್ಷ ಸೇರಿದರು. ಆಗ ಬಳೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಬಳೆಗಾರ ಚಾಚಾ ಬಾಯಿ ತೆಗೆದರು.

"ಮಾಸ್ತರ್ ಸಾಬ್, ನಿಮ್ಮ ಮಾತು ಸೌ ಟಕಾ ಖರೇ. ಡೈಲಾಗ್ ಬರದಾವ ಬ್ಯಾರೆ, ಪಗಾರ ಕೊಟ್ಟಾವ ಬ್ಯಾರೆ, ವಿಷ ಭೀ ಝೂಟಾ. ಮಗರ್ ಹಾಲು ಕುಡಿಸೂಮುಂದ ಅವನ ಕಣ್ಣಾಗ ಒಂದು ಖುಷಿ ಇತ್ತು ನೋಡ್ರಿ. ಆ ಖುಷಿ ಯಾರದು?"

ಮೂವತ್ತೈದು ವರ್ಷ ಪಾಠ ಹೇಳಿದ ಮಾಸ್ತರರು ಹಣೆ ಉಜ್ಜಿಕೊಂಡು ಯೋಚಿಸುತ್ತ ಕೂತರು. ನಾನು "ಮಸ್ಕಿ, ಮಸ್ಕಿ" ಅಂತ ಎರಡು ಸಲ ಕೂಗಿದೆ. ಕೇಳಿಸಲಿಲ್ಲ. ಮಸ್ಕಿ ದಾಟಿ ಮೂರು ಕಿಲೋಮೀಟರ್ ಹೋದ ಮೇಲೆ ಎಚ್ಚರವಾದವರಂತೆ ನನ್ನ ತೋಳು ಹಿಡಿದರು. ಇಳಿಸಿ ಅನ್ನುತ್ತಾರೆ ಅಂತ ನಾನು ಸೀಟಿ ಬಾಯಿಗಿಟ್ಟುಕೊಂಡೆ.

"ಕಂಡಕ್ಟ್ರೇ, ನೀವಾ ಹೇಳಿಬಿಡ್ರಿ ಮತ್ತ. ಹಾಲು ಕುಡಿಸೂಮುಂದ ನಿಮಗ ಏನನಿಸ್ತು?"

೪. ಮೀಸೆ

ನಮ್ಮ ಡ್ರೈವರು ಒಬ್ಬ ಸಿನಿಮಾ ಹೀರೋನ ಪರಮ ಭಕ್ತ. ಹೀರೋ ಗಡ್ಡ ಬಿಟ್ಟರೆ ಇವನೂ ಬಿಡುತ್ತಾನೆ. ಶೂಟಿಂಗ್‌ನಲ್ಲಿ ಹೀರೋಗೆ ಕಾಲು ಉಳುಕಿತು ಅಂತ ಸುದ್ದಿ ಬಂದಾಗ ಇವನು ಒಂದು ವಾರ ಕುಂಟಿಕೊಂಡೇ ಬಸ್ಸು ಹತ್ತಿದ್ದ. ಇಂಥ ಅನುಭವಿಯ ಮಾತು ಕೇಳದೆ ಇನ್ಯಾರ ಮಾತು ಕೇಳಲಿ?

"ಅಣ್ಣಾ, ವಿಲನ್ ಅಂದ್ರ ಮೀಸಿ. ಮೀಸಿ ತಗದುಬಿಡು, ಅರ್ಧ ಪಾಪ ಹೋಕ್ಕತಿ," ಅಂದ.

ಅಷ್ಟರಲ್ಲಿ ಮಗಳಿಗೆ ಒಂದು ಸಂಬಂಧ ಕೂಡಿಬರುವ ಹಾಗೆ ಕಂಡಿತ್ತು. ಹುಡುಗ ಸಿಂಧನೂರಿನ ಟ್ರ್ಯಾಕ್ಟರ್ ಶೋರೂಮಿನಲ್ಲಿ ಮೆಕ್ಯಾನಿಕ್ಕು, ಒಳ್ಳೆ ಗುಣವಂತ. ಫೋಟೊ ನೋಡಿ ಇಬ್ಬರೂ ಒಪ್ಪಿಯಾಗಿತ್ತು. ಅವರ ಮನೆಯವರು ಬಂದು ನನ್ನ ಮುಖ ನೋಡುವುದೊಂದು ಬಾಕಿ. ಭಾನುವಾರ ಹೋಗಿ ಮೀಸೆ ಬೋಳಿಸಿಕೊಂಡು ಬಂದೆ.

ನಮ್ಮಲ್ಲಿ ಗಂಡಸು ಮೀಸೆ ತೆಗೆಸುವುದು ಅಪ್ಪ ಸತ್ತಾಗ. ಈ ಮಾತು ನನಗೆ ಮರೆತೇ ಹೋಗಿತ್ತು. ನೆನಪಾದದ್ದು ಸೋಮವಾರ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ. ನನ್ನ ಅಪ್ಪ ಮಸ್ಕಿಯಲ್ಲೇ ನನ್ನ ತಮ್ಮನ ಮನೆಯಲ್ಲಿದ್ದಾನೆ. ದಿನಾ ನನ್ನ ಬಸ್ಸು ಬರುವ ಹೊತ್ತಿಗೆ ಎಲೆ ಅಡಿಕೆ ಹಾಕಿಕೊಂಡು ಸ್ಟ್ಯಾಂಡಿನ ಕಟ್ಟೆಗೆ ಬಂದು ಕೂರುತ್ತಾನೆ. ಅವತ್ತು ನನ್ನನ್ನು ನೋಡಿದವನು ಕೋಲು ಊರಿಕೊಂಡು ಎದ್ದು ಬಂದ, ನನ್ನ ಮೇಲ್ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

"ನಾ ಯಾವಾಗ ಸತ್ತೆನಲೇ?" ಅಂದ.

ಕಾಲಿಗೆ ಬಿದ್ದು ಎಲ್ಲ ಹೇಳಿದೆ. ಅಪ್ಪನಿಗೆ ಸಮಾಧಾನ ಆಗಲಿಲ್ಲ. ಅಷ್ಟೊತ್ತಿಗೆ ಸ್ಟ್ಯಾಂಡಿನಲ್ಲಿದ್ದ ಇಬ್ಬರು ಪರಿಚಯದವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಹಿರೀ ಜೀವ, ಹೋಗೂದ ಇತ್ತು ಬಿಡ್ರಿ," ಅಂದಿದ್ದರು. ಪಕ್ಕದಲ್ಲಿ ಹಿರೀ ಜೀವ ನಿಂತೇ ಇತ್ತು.

ಹೋಗಲಿ, ಅಪ್ಪನಿಗೆ ಬೇಜಾರಾದರೂ ಮಗಳ ಕೆಲಸವಾದೀತು ಅಂದುಕೊಂಡು ಮನೆಗೆ ಬಂದರೆ, ಅದೇ ಸಂಜೆಯ ಕಂತಿನಲ್ಲಿ ಆ ಕಾಕಾ ಪೊಲೀಸರಿಂದ ತಪ್ಪಿಸಿಕೊಳ್ಳಲು ಮೀಸೆ ಬೋಳಿಸಿಕೊಂಡ!

ಮರುದಿನ ತುರ್ವಿಹಾಳದಲ್ಲಿ ಮುದುಕಿ ಬಸ್ಸು ಹತ್ತಿದಳು, ನಕ್ಕಳು. "ಪೊಲೀಸರಿಗೆ ಮೋಸ ಮಾಡಬಹುದಲೇ, ತುರ್ವಿಹಾಳದವರಿಗೆ ಆಗಂಗಿಲ್ಲ."

೫. ಅಭಿಮಾನಿಗಳು

ಈ ಪ್ರಸಂಗದಲ್ಲಿ ತಪ್ಪು ನನ್ನದೇ. ಒಪ್ಪಿಕೊಳ್ಳುತ್ತೇನೆ.

ಲಿಂಗಸುಗೂರಿನ ಬಸ್‌ಸ್ಟ್ಯಾಂಡ್ ಕ್ಯಾಂಟೀನಿನವನು ಒಂದು ದಿನ ಮಂಡಕ್ಕಿ ಒಗ್ಗರಣೆ ಜೊತೆಗೆ ಕೇಳದೆಯೇ ನಾಲ್ಕು ಮಿರ್ಚಿ ಭಜಿ ಇಟ್ಟ. "ಆ ಹುಡುಗಿ ಅತೀ ಆಗಿದ್ಲು ಬಿಡ್ರಿ. ಮಾತೆತ್ತಿದ್ರ ಅಳೂದು. ನೀವು ಹಾಕಿದ್ದಾ ಚಲೋ ಆತು," ಅಂದ. ಸುತ್ತ ನಾಲ್ಕಾರು ಮಂದಿ ಸೇರಿದರು. ಎಲ್ಲರೂ ಕಾಕಾನ ಅಭಿಮಾನಿಗಳಂತೆ. ಒಬ್ಬ ನನ್ನ ಜೊತೆ ಸೆಲ್ಫಿ ತೆಗೆಸಿಕೊಂಡ, ಇನ್ನೊಬ್ಬ ಕೈ ಕುಲುಕಿದ. ತಿಂಗಳುಗಟ್ಟಲೆ ಬೈಸಿಕೊಂಡ ಜೀವ, ಮಿರ್ಚಿಯ ಬಿಸಿಗೋ ಹೊಗಳಿಕೆಯ ಬಿಸಿಗೋ ಉಬ್ಬಿಹೋಯಿತು. ಅಷ್ಟೂ ಮಂದಿಯ ಮುಂದೆ, ಮೇಜಿನ ಮೇಲಿದ್ದ ಯಾರದೋ ಹಾಲಿನ ಲೋಟ ಎತ್ತಿ, ಹುಬ್ಬು ಕುಣಿಸಿ, "ಕುಡಿ ಮಗಳೇ, ಎಲ್ಲ ನಿನ್ನ ಒಳ್ಳೆಯದಕ್ಕೇ," ಅಂದುಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ.

ಬಳೆಗಾರ ಚಾಚಾ ಕೂಡ ಅಲ್ಲೇ ಚಹಾ ಕುಡಿಯುತ್ತಿದ್ದರು. ಹೊರಗೆ ಬಂದಾಗ ನನ್ನ ಬೆನ್ನು ತಟ್ಟಿದರು. "ಈಗ ಗೊತ್ತಾತು ನೋಡು ಕಂಡಕ್ಟರ್, ಆ ಖುಷಿ ಯಾರದು ಅಂತ."

ಯಾರೋ ವಿಡಿಯೊ ಮಾಡಿಕೊಂಡಿದ್ದರು. ನಾನು ಸಿಂಧನೂರು ಮುಟ್ಟುವ ಮೊದಲೇ ಅದು ತುರ್ವಿಹಾಳ ಮುಟ್ಟಿತ್ತು.

೬. ಏಳು ಕಪ್ಪು ಚಹಾ

ಗಂಡಿನ ಕಡೆಯವರು ಮಾತು ಗಟ್ಟಿ ಮಾಡಿಕೊಳ್ಳಲು ಬರುವ ದಿನ ಬಂತು. ಮೀಸೆ ಅರ್ಧ ಬೆಳೆದಿತ್ತು. ಹೊಸ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಗಾಡಿಯಿಂದ ಮೊದಲು ಬೀಗರು ಇಳಿದರು, ಹುಡುಗನ ತಂದೆ. ಆರಡಿ ಎತ್ತರ, ಕೆನ್ನೆವರೆಗೆ ಹುರಿಗೊಳಿಸಿದ ಗಿರಿಜಾ ಮೀಸೆ, ಎಡ ಹುಬ್ಬಿನ ಮೇಲೊಂದು ಗಾಯದ ಗುರುತು. ನೋಡಲು ಭಯಂಕರ, ಮಾತು ಮಾತ್ರ ಬೆಣ್ಣೆ. ಮನೆಯಲ್ಲಿ ಎರಡು ಎಮ್ಮೆ ಕಟ್ಟಿದ್ದಾರಂತೆ. "ನಮ್ಮವ್ವಗ ಸಂಜಿಕೆ ಹಾಲು ನಾನಾ ಕಾಸಿ ಕೊಡತೀನ್ರಿ. ಬ್ಯಾರೆಯವರು ಕೊಟ್ರ ಕುಡಿಯಂಗಿಲ್ಲ," ಅಂತ ಹೆಮ್ಮೆಯಿಂದ ಹೇಳಿದರು. ಇಂಥ ಮನೆಗೆ ಮಗಳು ಹೋದರೆ ನನ್ನ ಜನ್ಮ ಸಾರ್ಥಕ ಅಂದುಕೊಂಡೆ. ಬೀಗಿತಿ ಬಂದರು, ಹುಡುಗ ಬಂದ. ಕೊನೆಗೆ ಅವ್ವನನ್ನು ಕೈ ಹಿಡಿದು ಇಳಿಸಿದರು.

ನೋಡಿದರೆ ನಮ್ಮ ಮುದುಕಿ.

ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಹೊಸ್ತಿಲು ದಾಟಲಿಲ್ಲ.

"ಬಸ್ಸಿನ ಕಂಡಕ್ಟರ್ ಅಂದಿದ್ರಿ. ಇಂವ ಅಂತ ಯಾರೂ ಹೇಳಲಿಲ್ಲ! ಈ ಮನೀ ಹೆಣ್ಣು ಬ್ಯಾಡ. ನಡೀರಿ."

ಬೀಗರಿಗೆ ನಾಚಿಕೆಯಾಯಿತು. "ಅವ್ವಾ, ಅದು ಸೀರಿಯಲ್. ಅಂವ ಬ್ಯಾರೆ, ಇವರು ಬ್ಯಾರೆ."

"ಗೊತ್ತೈತಿ ನನಗ. ನಾನೇನು ಹುಚ್ಚಿ ಅಲ್ಲ. ಅಂವ ಬ್ಯಾರೆ, ಇಂವ ಬ್ಯಾರೆ. ಹಂಗಾದ್ರ ದೇವರು ಇಬ್ಬರಿಗೂ ಒಂದಾ ಮುಖ ಯಾಕ ಕೊಟ್ಟ? ಹೇಳು. ಮುಖಗಳು ಕಡಿಮಿ ಬಿದ್ದಿದ್ವೇನು?"

ಇದನ್ನು ಕೇಳಿದ್ದರೆ ಆ ಮಾಸ್ತರರು ಲಿಂಗಸುಗೂರು ದಾಟಿದರೂ ಇಳಿಯುತ್ತಿರಲಿಲ್ಲ. ಒಳಗಿನ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಮಗಳ ಮುಖ ಸಣ್ಣಗಾಯಿತು. ನನ್ನ ಮುಖಕ್ಕಾಗಿ ಅವಳ ಬಾಳು ನಿಲ್ಲಬೇಕಾ? ಮುದುಕಿಗೆ ಕೈಮುಗಿದೆ.

"ಯಮ್ಮಾ, ಒಳಗ ಬಂದು ಒಂದು ಕಪ್ಪು ಚಾ ಕುಡಿ. ಆಮ್ಯಾಲ ಏನಾರ ಅನ್ನು."

"ಚಾದಾಗ ಹಾಲೈತಿ," ಅಂದಳು ಮುದುಕಿ.

"ನಾ ಮೊದಲು ಕುಡೀತೀನಿ." ತಟ್ಟೆಯಿಂದ ಒಂದು ಕಪ್ಪು ತೆಗೆದು ಕುಡಿದೆ.

"ಅದರಾಗ ಇರಲಿಕ್ಕಿಲ್ಲ. ಬಾಜೂದ್ದು ಕುಡಿ."

ಬಾಜೂದ್ದು ಕುಡಿದೆ. "ಆ ಕಡೀದು," ಅಂದಳು. ಅದನ್ನೂ ಕುಡಿದೆ. ಹೀಗೆ ತಟ್ಟೆಯಲ್ಲಿದ್ದ ಏಳು ಕಪ್ಪು ಬಿಸಿ ಚಹಾ ಒಂದರ ಹಿಂದೆ ಒಂದು ನಾನೇ ಕುಡಿದೆ. ಬಂದ ಬೀಗರಿಗೆ ಒಂದು ಹನಿ ಉಳಿಯಲಿಲ್ಲ.

"ಆತೇನಬೇ? ಈಗ ಬಾ."

"ನಿಂದ್ರು. ಹತ್ತು ನಿಮಿಷ ನೋಡೂಣು. ಅಲ್ಲಿನೂ ಹತ್ತು ನಿಮಿಷ ಆದಮ್ಯಾಲ ಬಾಯಾಗ ನೊರಿ ಬಂತು."

ಎರಡೂ ಮನೆಯವರು ಹೊಸ್ತಿಲ ಸುತ್ತ ಕೂತು ನಾನು ಸಾಯುವುದನ್ನು ಕಾದರು. ಬೀಗರು ಗಡಿಯಾರ ನೋಡಿದರು. ನನ್ನ ಹೆಂಡತಿಯೂ ನನ್ನ ಬಾಯನ್ನೇ ನೋಡುತ್ತಿದ್ದಳು, ಅದೇ ನನಗೆ ಬೇಜಾರು. ಎಂಟನೇ ನಿಮಿಷಕ್ಕೆ ಏಳು ಕಪ್ಪು ಚಹಾ ಒಟ್ಟಿಗೆ ಒಂದು ತೇಗಾಗಿ ಬಂತು. ಮುದುಕಿ "ಬಂತು!" ಅಂತ ಎದ್ದು ನಿಂತಳು.

ಕಡೆಗೆ ನಾನು ಸಾಯಲಿಲ್ಲ. ಮುದುಕಿ ಹೊಸ್ತಿಲು ದಾಟಿ ಬಂದು ಮಗಳ ಗದ್ದ ಹಿಡಿದು ನೋಡಿದಳು. "ಹುಡುಗಿ ಚಲೋ ಅದಾಳ. ಈಕಿದೇನು ತಪ್ಪು? ಆದ್ರ ಆ ಕೂಸು ಇನ್ನ ದವಾಖಾನ್ಯಾಗ ಎಚ್ಚರಿಲ್ಲದಂಗ ಬಿದ್ದೈತಿ. ಅದು ಎದ್ದು ಬರಲಿ. ಆಕಿ ಎದ್ದ ದಿನ ಲಗ್ನದ ಮಾತು," ಅಂತ ತೀರ್ಪು ಕೊಟ್ಟಳು.

ಅವರು ಹೋದ ಮೇಲೆ ಮಗಳು ತಲೆ ಮೇಲೆ ಕೈ ಹೊತ್ತು ಕೂತಳು. "ಅಪ್ಪಾ, ಸೀರಿಯಲ್‌ನಾಗ ದವಾಖಾನಿ ಸೇರಿದವರು ವರ್ಷಗಟ್ಟಲೆ ಏಳಂಗಿಲ್ಲ. ಅಷ್ಟೊತ್ತಿಗೆ ನನಗ ಹಲ್ಲು ಬಿದ್ದಿರತಾವು."

೭. ಇನ್ನು ಮುಂದೆ

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಸೀರಿಯಲ್ ಮುಂದೆ ಕೈಕಟ್ಟಿ ಕೂರತೊಡಗಿದೆವು. ದಿನಾ ಆ ಹುಡುಗಿ ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿರುತ್ತಿದ್ದಳು. ತುಟಿಗೆ ಬಣ್ಣ ಮಾತ್ರ ತಪ್ಪುತ್ತಿರಲಿಲ್ಲ. ಒಮ್ಮೆ ಬೆರಳು ಅಲುಗಿತು. ಮನೆಯಲ್ಲಿ ಸಕ್ಕರೆ ಹಂಚಿದೆವು. ಮರುದಿನ ನೋಡಿದರೆ ಗಾಳಿಗೆ ಅಲುಗಿದ್ದಂತೆ. ನನ್ನ ಹೆಂಡತಿ ಮಸ್ಕಿಯ ದೇವರಿಗೆ ಹೋಗಿ ಹರಕೆ ಹೊತ್ತಳು. ಮಗಳ ಮದುವೆಯಾಗಲಿ ಅಂತಲ್ಲ, ಸೀರಿಯಲ್ ಹುಡುಗಿಗೆ ಎಚ್ಚರವಾಗಲಿ ಅಂತ. ಪೂಜಾರಿ ಹುಡುಗಿಯ ಗೋತ್ರ, ನಕ್ಷತ್ರ ಕೇಳಿದನಂತೆ. ಇವಳು ಚಾನಲ್ಲು, ಟೈಮು ಹೇಳಿ ಬಂದಳು.

ಒಂದೂವರೆ ತಿಂಗಳು ಹೀಗೇ ಹೋಯಿತು. ಬಸ್ಸಿನಲ್ಲಿ ಮುದುಕಿ ಈಗ ಬೈಯುತ್ತಿರಲಿಲ್ಲ. ಕಾರ್ಡು ಮಾತ್ರ ತೋರಿಸುತ್ತಿರಲಿಲ್ಲ. ನಾನು "ಇವತ್ತು ಹೆಂಗ ಅದಾಳಬೇ?" ಅಂತ ಕೇಳುತ್ತಿದ್ದೆ. "ಹಂಗಾ ಅದಾಳ," ಅನ್ನುತ್ತಿದ್ದಳು. ಮಗಳು ಊಟ ಕಡಿಮೆ ಮಾಡಿದ್ದಳು. ಆ ಹುಡುಗ ಎರಡು ಸಲ ಡಿಪೋ ಹತ್ತಿರ ಬಂದು, ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟು ಹೋದ. ನಾನು ಇನ್ನೇನು ಪ್ಲಾಸ್ಟಿಕ್ ಸರ್ಜರಿಗೆ ಎಷ್ಟಾಗುತ್ತದೆ ಅಂತ ವಿಚಾರಿಸುವವನಿದ್ದೆ.

ಆ ಶುಕ್ರವಾರ ಸಂಜೆ ಊಟದ ತಟ್ಟೆ ಹಿಡಿದು ಕೂತಿದ್ದೆವು. ಸೀರಿಯಲ್ ಶುರುವಾಯಿತು. ಕಾಕಾ ಬೆನ್ನು ತೋರಿಸಿ ಕಿಟಕಿ ಹತ್ತಿರ ನಿಂತಿದ್ದ. ಟಿವಿಯ ಕೆಳಗೆ ಒಂದು ಪಟ್ಟಿ ಓಡಿತು: "ಇನ್ನು ಮುಂದೆ ಈ ಪಾತ್ರದಲ್ಲಿ ಹೊಸ ಕಲಾವಿದರು." ನನ್ನ ಕೈಯ ತುತ್ತು ನಿಂತಿತು. ಆ ನಟ ಬಿಟ್ಟುಹೋದನಂತೆ! ನನ್ನ ಮುಖ ನನಗೆ ವಾಪಸ್ಸು ಬಂತು! ಎದ್ದು ಕುಣಿಯಬೇಕು ಅನ್ನಿಸಿತು.

ಕಾಕಾ ನಿಧಾನಕ್ಕೆ ಈ ಕಡೆ ತಿರುಗಿದ.

ಆರಡಿ ಎತ್ತರ. ಕೆನ್ನೆವರೆಗೆ ಹುರಿಗೊಳಿಸಿದ ಗಿರಿಜಾ ಮೀಸೆ. ಎಡ ಹುಬ್ಬಿನ ಮೇಲೊಂದು ಗಾಯದ ಗುರುತು.

ಹೆಂಡತಿಯ ಕೈಯ ತಟ್ಟೆ ನೆಲಕ್ಕೆ ಬಿತ್ತು. "ರೀ... ಬೀಗರು!" ಅಂದಳು. ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಟಿವಿಯಲ್ಲಿ ನಮ್ಮ ಬೀಗರು ಹಾಲಿನ ಲೋಟ ಎತ್ತಿ ಮೀಸೆ ನೀವಿಕೊಂಡರು.

ಆಗ ನನ್ನ ಫೋನು ಬಡಿದುಕೊಂಡಿತು. ತುರ್ವಿಹಾಳದಿಂದ. ಆ ಕಡೆ ಮುದುಕಿ. ಆ ಕಂಚಿನ ಕಂಠ ಪಿಸುಮಾತಿಗೆ ಇಳಿದಿತ್ತು.

"ತಮ್ಮಾ, ನೀನಾ ಏನಪ್ಪಾ?"

ಅವಳು ನನಗೆ ತಮ್ಮಾ ಅಂದದ್ದು ಅದೇ ಮೊದಲು. "ನಾನಾ ಯಮ್ಮಾ. ಯಾಕ, ಆ ಕೂಸಿಗೆ ಎಚ್ಚರಾತೇನು?"

"ಆಕೀ ಮಾತು ಬಿಡು, ಎದ್ದರ ಎದ್ದಳು, ಬಿಟ್ಟರ ಬಿಟ್ಟಳು. ಲಗ್ನ ಮುಂದಿನ ವಾರನ ಇಟ್ಕೊಳ್ಳೂಣು. ಅಲ್ಲೀತನ ನಾ ನಿಮ್ಮ ಮನ್ಯಾಗ ಇರತೀನಿ, ಲಗೂನ ಗಾಡಿ ತೊಗೊಂಡು ಬಾ."

"ಯಾಕಬೇ, ಏನಾತು?"

"ಮೆಲ್ಲಕ ಮಾತಾಡಪ್ಪಾ. ನನ್ನ ಮಗ ಅಡಗಿ ಮನ್ಯಾಗ ಹಾಲು ಕಾಸಾಕತ್ತಾನ."